ರಾಯ್ ಸಾಹೇಬರ ಹೆಂಡತಿ ಮತ್ತು ನಾಲ್ಕು 'ಕ'

ಮೊನ್ನೆ ಆಫೀಸ್ ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬ ಕೇಳಿದ: "ಇಂಜಿನಿಯರಿಂಗ್ ಕನ್ನಡದಲ್ಲಿ ಹೇಳ್ಕೊಡಕ್ಕೆ ಆಗತ್ತಾ ಗುರೂ? ರೆಸಿಸ್ಟರ್‌ಗೆ ಏನಂತೀಯ?"

ರೆಸಿಸ್ಟರ್ ಅಂತಲೇ ಅಂತೀನಿ. ಹೈಸ್ಕೂಲಲ್ಲಿ 'ರೋಧ' ಅಂತ ಓದಿದ್ದೆ, ಓಮ್‌ನ ನಿಯಮ ಕನ್ನಡದಲ್ಲೇ ತಲೆಗೆ ಹತ್ತಿತ್ತು. ಹೆಸರಿನ ಜಗಳ ನನ್ನದಲ್ಲ. ನನ್ನ ಸಿಟ್ಟು ಬೇರೆ.

ನಾನು ಅರಕಲಗೂಡು ಕಡೆಯ, ಹೊಗೆಸೊಪ್ಪು ಬೆಳೆಯೋ ಹಳ್ಳಿಯವನು. ಹಾಸನಕ್ಕೆ ಬಿ.ಇ. ಓದಕ್ಕೆ ಬಂದಾಗ ಲ್ಯಾಬಿನಲ್ಲಿ ರೆಸಿಸ್ಟರಿನ ಬಣ್ಣದ ಪಟ್ಟಿ ಓದೋದು ಕಲಿಸಿದರು. ಕಲಿಸಿದರು ಅಂದ್ರೆ, ಒಂದು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿಸಿದರು. ಗ್ರೇಟ್ ಬ್ರಿಟನ್ನಿನ ಬಿ.ಬಿ. ರಾಯ್ ಎಂಬಾತನಿಗೆ ತುಂಬಾ ಒಳ್ಳೆ ಹೆಂಡತಿ ಇದ್ದಳಂತೆ. ಇರಲಿ ಬಿಡಿ, ಸಂತೋಷ. (ಹುಡುಗಿಯರ ಬೆಂಚಿಗೆ ಏನನ್ನಿಸ್ತಿತ್ತೋ, ನಾವ್ಯಾರೂ ಕೇಳಲಿಲ್ಲ.) ಆದರೆ ಆ ವಾಕ್ಯದಲ್ಲಿ ಮೂರು 'ಬಿ', ಎರಡು 'ಜಿ'. ಬ್ಲ್ಯಾಕ್, ಬ್ರೌನ್, ಬ್ಲೂ, ಗ್ರೀನ್, ಗ್ರೇ. ಯಾವ 'ಬಿ' ಎಲ್ಲಿ ಬರುತ್ತೆ ಅಂತ ತಿಳಿಯಬೇಕಾದರೆ ಉತ್ತರ ಮೊದಲೇ ಗೊತ್ತಿರಬೇಕು!

ಚನ್ನರಾಯಪಟ್ಟಣ ಕಡೆಯ ನನ್ನ ರೂಮ್‌ಮೇಟ್ ವೈವಾದಲ್ಲಿ ರಾಯ್ ಪುರಾಣವನ್ನು ಒಂದೇ ಉಸಿರಿಗೆ ಒಪ್ಪಿಸಿದ. ಆಮೇಲೆ ಹಸಿರು ಪಟ್ಟಿ ನೋಡಿ "ಎಂಟು" ಅಂದ. "ಎಂಟು ಗ್ರೇ ಅಲ್ವೇನೋ?" ಅಂದರು. "ಗ್ರೇ ಅಂದ್ರೆ ಯಾವ್ದು ಸಾರ್?" ಇಡೀ ಲ್ಯಾಬು ನಕ್ಕಿತು. ನಾನೂ ನಕ್ಕೆ. ಮುಂದಿನ ವರ್ಷ ಅವನು ಕಾಲೇಜಿಗೆ ಬರಲಿಲ್ಲ. ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಆ ದಿನದ ನಂತರ ಅವನು ಕ್ಲಾಸಿನಲ್ಲಿ ಬಾಯಿ ಬಿಟ್ಟಿದ್ದು ನಾನು ಕಾಣೆ.

ಅದೇ ರಜೆಯಲ್ಲಿ ಹೊಳೆನರಸೀಪುರದ ಸೋದರಮಾವನ ಮನೆಗೆ ಹೋಗಿದ್ದೆ. ಅವರ ಟೇಪ್‌ರೆಕಾರ್ಡರ್ ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋದರೆ, ಏಳನೇ ಕ್ಲಾಸು ಓದಿದ ಯಜಮಾನರು ರೆಸಿಸ್ಟರ್ ಎತ್ತಿ ಹಿಡಿದು ಹೇಳಿದರು: "ಹಳದಿ ನಾಕು, ನೇರಳೆ ಏಳು, ಕೆಂಪು ಅಂದ್ರೆ ಮುಂದಕ್ಕೆ ಎರಡು ಸೊನ್ನೆ. ನಾಕ್ ಸಾವಿರದ ಏಳ್ನೂರು ಕಣಪ್ಪ. ಕೊನೇಲಿ ಚಿನ್ನದ ಬಣ್ಣ ಐತಲ್ಲ, ನೂರಕ್ಕೆ ಐದು ಹೆಚ್ಚು ಕಮ್ಮಿ."

ವಾಪಸ್ ಬರುವಾಗ ಬಸ್ಸಲ್ಲಿ ಕೂತು ಸೊನ್ನೆಯಿಂದ ಒಂಬತ್ತರವರೆಗೆ ಕನ್ನಡದಲ್ಲಿ ಬರೆದೆ. ಕಪ್ಪು, ಕಂದು, ಕೆಂಪು, ಕಿತ್ತಳೆ. ಹಳದಿ, ಹಸಿರು. ನೀಲಿ, ನೇರಳೆ. ಬೂದು, ಬಿಳಿ. ನಾಲ್ಕು 'ಕ', ಎರಡು 'ಹ', ಎರಡು 'ನ', ಎರಡು 'ಬ'. ಒಂದೇ ಅಕ್ಷರದವು ಅಕ್ಕಪಕ್ಕದಲ್ಲೇ ಕೂತಿವೆ! (ನಮ್ಮೂರಲ್ಲಿ ಕಂದು ಅನ್ನಲ್ಲ, ಕಾಫಿ ಬಣ್ಣ ಅಂತಾರೆ. ಆಗಲೂ 'ಕ' ತಪ್ಪಲ್ಲ.) ಇನ್ನೊಂದೂ ಕಂಡಿತು. 2ರಿಂದ 7ರವರೆಗೆ ಇರೋದು ಕಾಮನಬಿಲ್ಲಿನ ಕ್ರಮ, ಕೆಂಪಿನಿಂದ ನೇರಳೆಗೆ. ಅದಕ್ಕೆ ಮೊದಲು ಕತ್ತಲೆಯ ಬಣ್ಣಗಳು, ಕೊನೆಗೆ ಬೂದು, ಬೆಳ್ಳಗೆ. ಇದರಲ್ಲೊಂದು ಲೆಕ್ಕಾಚಾರ ಇದೆ ಅಂತ ಲ್ಯಾಬಿನಲ್ಲಿ ಯಾರೂ ಹೇಳಿರಲಿಲ್ಲ. ರಾಯ್ ಇದ್ದನಲ್ಲ, ಸಾಕಾಗಿತ್ತು.

ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಿಲ್ಲ, ನಾನು ಅನ್ನ ತಿನ್ನೋದೇ ಅದರಿಂದ. ಈಗಿನ ಪುಟಾಣಿ ಎಸ್‌ಎಂಡಿ ರೆಸಿಸ್ಟರ್‌ಗೆ ಬಣ್ಣವೇ ಇಲ್ಲ, 472 ಅಂತ ಅಚ್ಚು ಹಾಕಿರ್ತಾರೆ ಅನ್ನೋದೂ ಗೊತ್ತು. ಅದೂ 47ರ ಮುಂದೆ ಎರಡು ಸೊನ್ನೆಯೇ. 2021ರಲ್ಲಿ ಎಐಸಿಟಿಇ ಕನ್ನಡದಲ್ಲೂ ಬಿ.ಇ. ಕಲಿಸಬಹುದು ಅಂದಾಗ ಎಷ್ಟೊಂದು ಜನ ಪಾರಿಭಾಷಿಕ ಪದಗಳಿಗೆ ಕಣ್ಣೀರು ಹಾಕಿದರು! ಪದ ಹಾಗೇ ಇರಲಿ ಸ್ವಾಮಿ. ಹುಡುಗನಿಗೆ ಹುಟ್ಟಿದಾಗಿನಿಂದ ಗೊತ್ತಿರೋ ಬಣ್ಣವನ್ನೂ ಲ್ಯಾಬಿನ ಬಾಗಿಲಲ್ಲಿ ಯಾಕೆ ಕಿತ್ತುಕೊಳ್ತೀರಿ?

ಇಷ್ಟನ್ನೂ ಕ್ಯಾಂಟೀನಿನ ಗೆಳೆಯನಿಗೆ ಹೇಳಿದೆ. ಪಟ್ಟಿಯನ್ನು ಪೇಪರ್ ನ್ಯಾಪ್ಕಿನ್ ಮೇಲೆ ಬರೆದೂ ಕೊಟ್ಟೆ. ಓದಿ, ಕೊನೆಯಲ್ಲಿ ನಿಂತ.

"ಬೂದು ಅಂದ್ರೆ ಯಾವ ಕಲರ್?"

ಈ ಸಲ ಯಾರೂ ನಗಲಿಲ್ಲ.