ಮೀಟರನ್ನೂ ಅಳೆದು ನೋಡಬೇಕು

ಕೈಯಲ್ಲಿ ಹಿಡಿಯುವ ಡಿಜಿಟಲ್ ಮಲ್ಟಿಮೀಟರು ಈಗ ಪಂಪ್‌ಸೆಟ್ ಇರುವ ಎಷ್ಟೋ ರೈತರ ಮನೆಯಲ್ಲಿದೆ. ಒಳ್ಳೆಯದೇ. ಆದರೆ ತಕ್ಕಡಿಯ ಬಟ್ಟನ್ನು ಮುದ್ರೆಯಿದ್ದರೂ ಅನುಮಾನಿಸುವ ನಾವು, ಈ ಮೀಟರು ತೋರಿಸಿದ ಅಂಕಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತೇವೆ. ಹೀಗೆ ನಂಬಿ ಮೋಟಾರು ಸುಟ್ಟುಕೊಂಡವರಲ್ಲಿ ನಾನೂ ಒಬ್ಬ.

ಒಂದು ಬೇಸಿಗೆ ನಮ್ಮ 5 ಎಚ್.ಪಿ. ಮೋಟಾರಿನ ಸ್ಟಾರ್ಟರು ಪದೇ ಪದೇ ಟ್ರಿಪ್ ಆಗುತ್ತಿತ್ತು. ಮೀಟರು ಹಿಡಿದರೆ 410 ವೋಲ್ಟ್! ಕರೆಂಟು ಸರಿಯಿದೆ, ಓವರ್‌ಲೋಡ್ ರಿಲೇಯೇ ಕೆಟ್ಟಿದೆ ಎಂದು ತೀರ್ಮಾನಿಸಿ ಅದರ ತಿರುಪನ್ನು ಏರಿಸಿಬಿಟ್ಟೆ. ನಾಲ್ಕನೆಯ ದಿನ ಕಾಯಿಲ್ ಸುಟ್ಟಿತು. ರಿವೈಂಡಿಂಗ್ ಅಂಗಡಿಯವರು ಒಂದೇ ಪ್ಲಗ್ಗಿನಲ್ಲಿ ಎರಡು ಮೀಟರನ್ನೂ ಹಿಡಿದರು. ಅವರದು 225, ನನ್ನದು 264. ನನ್ನ ಮೀಟರಿನೊಳಗಿನ 9 ವೋಲ್ಟಿನ ಬ್ಯಾಟರಿ ಬದಲಿಸಿದ ಮೇಲೆ ಎರಡೂ ಒಂದೇ ಆದವು. ಅಂದರೆ ತೋಟದಲ್ಲಿ ನಿಜವಾಗಿ ಇದ್ದದ್ದು 350ರ ಸುಮಾರು. ವೋಲ್ಟೇಜು ಇಳಿದಾಗ ಅದೇ ಕೆಲಸಕ್ಕೆ ಮೋಟಾರು ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ. ಪಾಪ, ರಿಲೇ ತನ್ನ ಕೆಲಸವನ್ನೇ ಮಾಡುತ್ತಿತ್ತು.

ಬ್ಯಾಟರಿ ಸೊರಗಿದರೆ ಅಂಕಿ ಕಡಿಮೆ ಬರುತ್ತದೆಂದು ನಾವು ಎಣಿಸುತ್ತೇವೆ. ಅಗ್ಗದ ಮೀಟರುಗಳಲ್ಲಿ ಸಾಮಾನ್ಯವಾಗಿ ಆಗುವುದು ಇದರ ತದ್ವಿರುದ್ಧ. ಮೀಟರು ಹೊರಗಿನ ವೋಲ್ಟನ್ನು ತನ್ನೊಳಗಿನ ಒಂದು ನಿಗದಿತ ವೋಲ್ಟಿನೊಡನೆ ಹೋಲಿಸಿ ಹೇಳುತ್ತದೆ. ಆ ಒಳಗಿನದೇ ಇಳಿದರೆ ಅಳತೆ ಏರುತ್ತದೆ, ಮೋಟುಗೈಯವನು ಮೊಳ ಹಾಕಿದ ಹಾಗೆ.

ಮನೆಯಲ್ಲೇ ಪರೀಕ್ಷಿಸಲು ಹೊಸ ಟಾರ್ಚ್ ಸೆಲ್ ಒಂದಿದ್ದರೆ ಸಾಕು. ಡಿ.ಸಿ. ವೋಲ್ಟಿನಲ್ಲಿ ಅದು 1.5ರಿಂದ 1.65ರೊಳಗೆ ತೋರಬೇಕು; 1.8 ಬಂದರೆ ಮೀಟರಿನದೇ ತಪ್ಪು. ಟ್ರ್ಯಾಕ್ಟರಿನ ಬ್ಯಾಟರಿ ಪೂರ್ತಿ ಚಾರ್ಜಾಗಿ ರಾತ್ರಿಯಿಡೀ ಸುಮ್ಮನಿದ್ದರೆ ಬೆಳಿಗ್ಗೆ 12.6 ಅಥವಾ 12.7 ಇರತಕ್ಕದ್ದು. ಓಮ್ಸ್‌ನಲ್ಲಿ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಅಂಕಿ ಸೊನ್ನೆಯ ಹತ್ತಿರ ನಿಲ್ಲದೆ ಕುಣಿದರೆ ತಂತಿ ಒಳಗೆ ತುಂಡಾಗಿದೆಯೆಂದು ತಿಳಿಯಬಹುದು.

ಆದರೆ ಸೆಲ್ಲಿನ ಪರೀಕ್ಷೆ ಎ.ಸಿ. ಅಳತೆಗೆ ಪೂರ್ತಿ ಸಾಕ್ಷಿಯಲ್ಲ. ಅಗ್ಗದ ಮೀಟರಿನ ಎ.ಸಿ. ಅಳತೆಯಲ್ಲಿ ತಯಾರಕರೇ ಶೇಕಡ 1.2 ಮತ್ತು ಅದರ ಮೇಲೆ 10 ಅಂಕಿಯಷ್ಟು ವ್ಯತ್ಯಾಸ ಒಪ್ಪಿಕೊಂಡಿರುವುದುಂಟು. 400 ವೋಲ್ಟಿಗೆ ಇದು ಸುಮಾರು 15 ವೋಲ್ಟ್. ಆದ್ದರಿಂದ ಒಳ್ಳೆಯ ಮೀಟರೊಂದರ ಜೊತೆ, ಅದೇ ಜಾಗದಲ್ಲಿ, ಅದೇ ಕ್ಷಣದಲ್ಲಿ ಹೋಲಿಸಬೇಕು. ಸ್ಟಾರ್ಟರಿನಲ್ಲಿ ಈ ಕೆಲಸವನ್ನು ವೈರ್‌ಮನ್ನರೇ ಮಾಡಲಿ. ಕೆಂಪು ತಂತಿ ಆಂಪಿಯರ್ ರಂಧ್ರದಲ್ಲಿ ಉಳಿದಿದ್ದರೆ ಅಲ್ಲೇ ಶಾರ್ಟ್ ಆಗಿ ಕೈ ಸುಡುತ್ತದೆ.

ಊರಿಗೆ ಇಂಥ ಒಳ್ಳೆಯ ಮೀಟರು ಒಂದಾದರೂ ಬೇಡವೇ? ಸಹಕಾರ ಸಂಘದವರು ಅದನ್ನು ಕೊಂಡು, ಯಾರಿಗೂ ಎರವಲು ಕೊಡದೆ, ಹೋಲಿಸಿ ನೋಡುವುದಕ್ಕೆಂದೇ ಇಟ್ಟುಕೊಳ್ಳಲಿ. ಅದರ ಬೆಲೆ ಒಂದು ಮೋಟಾರು ಕಟ್ಟಿಸುವ ಖರ್ಚಿಗಿಂತ ಹೆಚ್ಚಾಗದು.