ಅತಿಥಿ ಸತ್ಕಾರವೂ ಅನ್ನದ ಅಪವ್ಯಯವೂ



ರಾತ್ರಿಯ ಊಟಕ್ಕೆ ಬಂದ ಅತಿಥಿಗಳು ಎಲೆ ಅಡಿಕೆ ಹಾಕಿಕೊಂಡು, ಮನೆಮಂದಿಯನ್ನು ಹರಸಿ ಹೊರಟುಹೋದ ಮೇಲೆ ಪಾತ್ರೆಗಳ ಮುಚ್ಚಳ ತೆಗೆದು ನೋಡುವ ಹೊತ್ತು ಬರುತ್ತದೆ. ಅರ್ಧ ಪಾತ್ರೆ ಅನ್ನ ಹಾಗೆಯೇ ಇದೆ. ಕೋಸಂಬರಿ ನೀರೊಡೆದಿದೆ. ತಾಟುಗಳಲ್ಲಿ ಮುರಿದು ಬಿಟ್ಟ ಹೋಳಿಗೆ, ಮುಟ್ಟದೆ ಉಳಿದ ಪಲ್ಯ. ಗಂಟೆಯ ಹಿಂದೆ ‘ಇನ್ನೊಂದು ಹಾಕಿಸಿಕೊಳ್ಳಿರಿ’ ಎಂದು ಒತ್ತಾಯ ಮಾಡಿದವರು ನಾವೇ; ಈಗ ಅದನ್ನು ಬಕೆಟ್ಟಿಗೆ ಸುರಿಯುವವರೂ ನಾವೇ. ಆ ಕ್ಷಣದಲ್ಲಿ ಮನಸ್ಸಿಗೆ ಆಗುವ ಕಸಿವಿಸಿಯನ್ನು ಕುರಿತು ಈ ತಿಂಗಳು ನಿಮ್ಮೊಡನೆ ಮಾತನಾಡಬೇಕೆನಿಸಿದೆ.

ಈ ಕಸಿವಿಸಿ ನಮ್ಮಂತಹ ಮನೆಗಳಲ್ಲಿ ಇಮ್ಮಡಿಯಾಗಿರುವುದಕ್ಕೆ ಕಾರಣವುಂಟು. ದಾಸೋಹವು ನಮ್ಮ ಪರಂಪರೆಯ ಉಸಿರು. ಬಂದವರಿಗೆ ಇಲ್ಲವೆನ್ನಬಾರದು, ಕಾಯಕದಿಂದ ಬಂದುದನ್ನು ಹಂಚಿ ಉಣ್ಣಬೇಕು ಎಂದು ಕೇಳಿಯೇ ನಾವೆಲ್ಲ ಬೆಳೆದೆವು. ಅದೇ ಪರಂಪರೆ ಅನ್ನವನ್ನು ಪ್ರಸಾದವೆಂದು ಕರೆದು ಅಷ್ಟಾವರಣದಲ್ಲಿ ಸ್ಥಾನ ಕೊಟ್ಟಿತು. ಊಟ ಮುಗಿದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿಯುತ್ತಿದ್ದ ಹಿರಿಯರನ್ನು ಕಂಡವರು ನಮ್ಮ ಓದುಗರಲ್ಲಿ ಬಹಳ ಮಂದಿ ಇರಬೇಕು. ಧಾರಾಳವಾಗಿ ನೀಡು ಎಂಬುದು ಒಂದು ಮಾತು. ಒಂದು ಅಗುಳನ್ನೂ ಕೆಡಿಸಬೇಡ ಎಂಬುದು ಇನ್ನೊಂದು. ಅತಿಥಿಗಳು ಬಂದ ರಾತ್ರಿ ಈ ಎರಡೂ ಒಂದೇ ಅಡಿಗೆಮನೆಯಲ್ಲಿ ಎದುರುಬದುರಾಗಿ ನಿಲ್ಲುತ್ತವೆ.

ಹಿಂದಿನವರಿಗೆ ಈ ತೊಡಕು ಇಷ್ಟಾಗಿ ಇರಲಿಲ್ಲ. ಅವರು ನಮಗಿಂತ ಜಿಪುಣರಾಗಿದ್ದರೆಂದಲ್ಲ. ನಮ್ಮ ಅತ್ತೆಯವರು ಆರು ಜನ ಬರುವರೆಂದರೆ ಹನ್ನೆರಡು ಜನಕ್ಕೆ ಅಡಿಗೆ ಮಾಡುತ್ತಿದ್ದರು. ಆದರೆ ಆ ಮನೆಯ ಹಿತ್ತಲಿನಲ್ಲಿ ಎರಡು ಎಮ್ಮೆಗಳಿದ್ದವು. ತರಕಾರಿಯ ಸಿಪ್ಪೆ, ಗಂಜಿ, ಅಕ್ಕಿ ತೊಳೆದ ನೀರು ಎಲ್ಲವೂ ಮುಸುರೆಯ ಬಾನಿಗೆ ಹೋಗುತ್ತಿತ್ತು. ಹೊಲದಿಂದ ಬರುವ ಆಳುಗಳಿದ್ದರು. ಓಣಿಯಲ್ಲಿ ಐದಾರು ಮನೆಗಳಿಗೆ ಬಟ್ಟಲಿನಲ್ಲಿ ಹೂರಣ, ಕಟ್ಟಿನ ಸಾರು ಹೋಗುತ್ತಿತ್ತು. ನಾಲ್ಕು ದಿನ ಬಿಟ್ಟು ಆ ಬಟ್ಟಲು ಬರಿದಾಗಿ ಬರುತ್ತಿರಲಿಲ್ಲ. ಮನೆಯಲ್ಲಿ ಮಿಕ್ಕುದಕ್ಕೆ ಹೀಗೆ ಒಂದಲ್ಲ ಒಂದು ಬಾಯಿ ಕಾದಿರುತ್ತಿತ್ತು. ನಾವು ಅವರ ಅಳತೆಯನ್ನು ಮಾತ್ರ ಉಳಿಸಿಕೊಂಡೆವು. ಎಮ್ಮೆ ಹೋಯಿತು, ಹಿತ್ತಲು ಹೋಯಿತು, ಮೂರನೆಯ ಮಹಡಿಯ ಮನೆಯಲ್ಲಿ ಪಕ್ಕದವರ ಹೆಸರೂ ತಿಳಿಯದು. ಆದರೂ ಆರು ಜನಕ್ಕೆ ಹನ್ನೆರಡು ಜನದ ಅಡಿಗೆಯನ್ನೇ ಮಾಡುತ್ತಿದ್ದೇವೆ.

ಇದನ್ನು ಅರಿತು ಕೆಲವು ವರ್ಷಗಳ ಹಿಂದೆ ನಾವು ಒಂದು ನಿಯಮ ಮಾಡಿಕೊಂಡೆವು. ಬರುವವರ ತಲೆ ಎಣಿಸಿ, ಅಳೆದು ಅಡಿಗೆ ಮಾಡುವುದು. ಬೈಲಹೊಂಗಲದ ಕಡೆಯಿಂದ ನಮ್ಮ ಹಿರಿಯ ಸೋದರತ್ತೆಯವರು ಮಗ, ಸೊಸೆ, ಮೊಮ್ಮಕ್ಕಳೊಡನೆ ಬರುವವರಿದ್ದರು. ಒಟ್ಟು ಆರು ಜನ. ತಲೆಗೆ ಎರಡರಂತೆ ಹೋಳಿಗೆ, ಎರಡರಂತೆ ಜೋಳದ ರೊಟ್ಟಿ, ಅದಕ್ಕೆ ತಕ್ಕಷ್ಟು ಎಣ್ಣೆಗಾಯಿ, ಅನ್ನ, ಸಾರು. ಬಂದವರು ಎಂಟು ಜನ. ಗಾಡಿ ನಡೆಸುವವನೂ ಅವರ ಓಣಿಯ ಒಬ್ಬ ಹುಡುಗನೂ ಜೊತೆಗಿದ್ದರು. ಮಕ್ಕಳಿಗೆ ಹೋಳಿಗೆ ರುಚಿಸಿ ಮೂರು ಮೂರು ಹಾಕಿಸಿಕೊಂಡವು. ಅತ್ತೆಯವರು ಅಡ್ಡಣಿಗೆಯ ಮೇಲಿನ ತಾಟಿಗೆ ಅಂಗೈ ಅಡ್ಡ ಹಿಡಿದು, ‘ಸಾಕವ್ವಾ, ರಾತ್ರಿ ಹೊತ್ತು ನಾ ಭಾಳ ಉಣ್ಣಂಗಿಲ್ಲ’ ಎಂದರು. ನಾವು ಅದನ್ನು ನಂಬಿದೆವು. ಅಂದು ಪಾತ್ರೆಗಳೆಲ್ಲ ಬರಿದಾದುವು; ಒಂದು ತುತ್ತೂ ಕೆಡಲಿಲ್ಲವೆಂದು ಹೆಮ್ಮೆಪಟ್ಟೆವು. ವಾರ ಕಳೆದ ಮೇಲೆ ಅವರ ಸೊಸೆ ಫೋನಿನಲ್ಲಿ ಏನೋ ಮಾತಿಗೆ, ಅಂದು ರಾತ್ರಿ ಊರು ಮುಟ್ಟಿದ ಮೇಲೆ ಅತ್ತೆಯವರು ಅವಲಕ್ಕಿ ಕಲಸಿಕೊಂಡು ತಿಂದ ಸಂಗತಿಯನ್ನು ಹೇಳಿದಳು. ಬೇಕೆಂದು ಹೇಳಿದ್ದಲ್ಲ, ಬಾಯಿಜಾರಿ ಬಂದ ಮಾತು. ನಮಗೆ ಮಾತ್ರ ಆ ದಿನ ಊಟ ಸೇರಲಿಲ್ಲ. ಎಪ್ಪತ್ತೈದು ದಾಟಿದ ಹಿರಿಯರು ನಮ್ಮ ಮನೆಯ ತಾಟಿನ ಮುಂದೆ ಕುಳಿತು, ನಮ್ಮ ಮಾನ ಕಾಯಲೆಂದು ಹಸಿದು ಎದ್ದಿದ್ದರು.

ಅಂದಿನಿಂದ ನಮಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಬೇರೆಯಾಗಿ ಕಾಣತೊಡಗಿತು. ಶೂನ್ಯಸಂಪಾದನೆಯಲ್ಲಿ ಬರುವ ಈ ಕಥೆ ನಿಮಗೆ ತಿಳಿದದ್ದೇ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದಳು. ನಾವು ಭಾಷಣಗಳಲ್ಲಿ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ಆಸೆ ಸಲ್ಲದು ಎಂಬುದಕ್ಕೆ ಇಷ್ಟು ಸಾಕು. ಆದರೆ ಕಥೆ ಮುಂದುವರಿಯುತ್ತದೆ. ಅದೇ ದಂಪತಿಗಳು ಬಸವಣ್ಣನವರನ್ನೂ ಅಸಂಖ್ಯಾತ ಜಂಗಮರನ್ನೂ ತಮ್ಮ ಗುಡಿಸಲಿಗೆ ಪ್ರಸಾದಕ್ಕೆ ಕರೆದರು. ಮನೆಯಲ್ಲಿ ಒಂದು ಹಿಡಿ ಅಕ್ಕಿಯನ್ನು ಹೆಚ್ಚಾಗಿ ಇಟ್ಟುಕೊಳ್ಳಲು ಹಿಂಜರಿದವಳು ಊರನ್ನೇ ಊಟಕ್ಕೆ ಕರೆಯಲು ಹಿಂಜರಿಯಲಿಲ್ಲ. ಕೂಡಿಡುವ ವಿಷಯದಲ್ಲಿ ಬಿಗಿ, ನೀಡುವ ವಿಷಯದಲ್ಲಿ ಸಡಿಲು. ನಾವು ಆ ರಾತ್ರಿ ಮಾಡಿದ್ದು ಇದಕ್ಕೆ ತಿರುಗುಮುರುಗು. ಕಪಾಟಿನಲ್ಲಿ ಹತ್ತು ಕಿಲೋ ಹಿಟ್ಟು ಇತ್ತು, ಬಡಿಸುವಾಗ ಮಾತ್ರ ಕೈ ಬಿಗಿಯಾಯಿತು.

ಹಾಗಾದರೆ ಮತ್ತೆ ಹನ್ನೆರಡು ಜನಕ್ಕೆ ಮಾಡಬೇಕೆ? ಬೇಡ. ಹೆಚ್ಚಿಗೆ ಬೇಕಾದುದನ್ನು ಬೇಯಿಸಿ ಇಡುವ ಬದಲು, ಬೇಯಿಸಲು ಅಣಿಮಾಡಿ ಇಡಬೇಕು. ನಮಗೆ ಹೊಳೆದ ಉಪಾಯ ಇಷ್ಟೆ. ಹೋಳಿಗೆಯ ಕಣಕವೂ ಹೂರಣವೂ ಎಂಟು ಹತ್ತಕ್ಕೆ ಆಗುವಷ್ಟು ಹೆಚ್ಚಿಗಿರಲಿ, ಆದರೆ ತಟ್ಟುವುದು ಪಂಕ್ತಿ ನೋಡಿಕೊಂಡು. ಉಳಿದ ಹೂರಣ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಕೆಡದು. ತಟ್ಟಿ ಬೇಯಿಸಿ ಗುಡ್ಡೆ ಹಾಕಿದ ಹೋಳಿಗೆ ಮರುದಿನಕ್ಕೆ ಯಾರಿಗೂ ಬೇಡ. ಕಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆಮೊಸರು ಇದ್ದರೆ ಹೇಳದೆ ಬಂದ ಇಬ್ಬರಿಗೆ ಅದೇ ಊಟ. ನಮ್ಮ ಉತ್ತರ ಕರ್ನಾಟಕದ ಅಡಿಗೆಯನ್ನು ಕಟ್ಟಿದವರು ಅನಿರೀಕ್ಷಿತ ಅತಿಥಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನೆಲ್ಲ ಕಂಡುಹಿಡಿದರೋ ಏನೋ. ಅಕ್ಕಿಯೊಂದನ್ನು ಮಾತ್ರ ಅಳೆಯಲೇಬೇಕು. ರೊಟ್ಟಿ, ಹೋಳಿಗೆ ಇರುವ ಊಟದಲ್ಲಿ ತಲೆಗೆ 50 ಗ್ರಾಂ ಅಕ್ಕಿ ಸಾಕಾಗುತ್ತದೆ. ಬೆಂದ ಮೇಲೆ ಅದು ಎರಡೂವರೆ ಪಟ್ಟಿಗೂ ಮಿಗಿಲಾಗಿ ತೂಗುತ್ತದೆ. ಕಡಿಮೆ ಬಿದ್ದರೆ ಕುಕ್ಕರು ಇದೆ, ಇಪ್ಪತ್ತು ನಿಮಿಷದ ಮಾತು. ಅಷ್ಟು ಹೊತ್ತು ಮಾತಾಡುತ್ತ ಕುಳಿತಿರುವುದು ಯಾವ ಅತಿಥಿಗೂ ಭಾರವಾಗದು.

ಅಡಿಗೆಯ ಅಳತೆಗಿಂತ ಕಠಿಣವಾದುದು ಬಡಿಸುವ ಅಳತೆ. ನಮ್ಮಲ್ಲಿ ‘ಬೇಡ’ ಎಂಬ ಮಾತಿಗೆ ಅರ್ಥವೇ ಉಳಿದಿಲ್ಲ. ಮೊದಲ ‘ಬೇಡ’ ಸಂಕೋಚದ್ದು, ಎರಡನೆಯದು ಮರ್ಯಾದೆಯದು, ಮೂರನೆಯದು ನಿಜವಾದದ್ದಿರಬಹುದು, ಇಲ್ಲದೆಯೂ ಇರಬಹುದು. ಅತಿಥಿಯು ಎರಡು ಕೈಗಳಿಂದ ತಾಟನ್ನು ಮುಚ್ಚುತ್ತಾನೆ, ಯಜಮಾನಿತಿ ಬೆರಳ ಸಂದಿಯಲ್ಲಿ ತುಪ್ಪ ಸುರಿಯುತ್ತಾಳೆ, ಪಂಕ್ತಿಯೆಲ್ಲ ನಗುತ್ತದೆ. ಈ ಆಟದಲ್ಲಿ ಪ್ರೀತಿಯಿದೆ, ಅದನ್ನು ನಾವು ಹಳಿಯಲಾರೆವು. ಆದರೆ ಹೊಟ್ಟೆ ತುಂಬಿದವನ ತಾಟಿನಲ್ಲಿ ಹೋಳಿಗೆ ಉಳಿಯುವುದೂ, ನಮ್ಮ ಅತ್ತೆಯವರಂತಹವರು ಹಸಿದು ಏಳುವುದೂ ಇದೇ ಆಟದ ಫಲ. ಯಾರ ಮಾತನ್ನು ಯಾರು ನಂಬಬೇಕು?

ನಾವು ಈಗ ಮಾಡುತ್ತಿರುವುದು ಇಷ್ಟು. ದೊಡ್ಡ ಸೌಟನ್ನು ಒಳಗಿಟ್ಟು ಚಿಕ್ಕದನ್ನು ಹಿಡಿದಿದ್ದೇವೆ. ಮೊದಲ ಸಲ ಎಲ್ಲವೂ ತುಸು ತುಸು. ಆಮೇಲೆ ನಾಲ್ಕು ಸಲವಲ್ಲ, ಆರು ಸಲ ಪಂಕ್ತಿಯಲ್ಲಿ ತಿರುಗುತ್ತೇವೆ. ಹೋಳಿಗೆಯನ್ನು ಅರ್ಧ ಮಾಡಿ, ‘ಅರ್ಧ ಹಾಕಲೇ?’ ಎಂದು ಕೇಳುತ್ತೇವೆ. ಇಡಿಯದನ್ನು ಬೇಡವೆನ್ನುವವರು ಅರ್ಧಕ್ಕೆ ತಲೆಯಾಡಿಸುವುದುಂಟು. ಹಿರಿಯರನ್ನು ಪಂಕ್ತಿಯಲ್ಲಿ ಎಲ್ಲರೆದುರು ಕೇಳದೆ, ಪಕ್ಕದಲ್ಲಿ ಬಾಗಿ ಮೆಲ್ಲಗೆ ಕೇಳುತ್ತೇವೆ. ಬರಿದಾಗುತ್ತ ಬಂದ ಪಾತ್ರೆಯನ್ನು ಪಂಕ್ತಿಗೆ ತರುವುದಿಲ್ಲ. ತಳ ಕಂಡ ಕೂಡಲೆ ಉಣ್ಣುವವರ ಕೈ ತಾನಾಗಿಯೇ ತಡೆಯುತ್ತದೆ. ಅಂದು ಅತ್ತೆಯವರು ನೋಡಿದ್ದು ಅದನ್ನೇ ಎಂದು ನಮ್ಮ ನಂಬಿಕೆ. ಮನೆಯವರಲ್ಲಿ ಒಬ್ಬರು ಬಡಿಸುವುದನ್ನಷ್ಟೇ ಮಾಡಬೇಕು. ಟೇಬಲಿನ ಮೇಲೆ ಎಲ್ಲವನ್ನೂ ಇಟ್ಟು, ‘ನೀವೇ ಹಾಕಿಕೊಳ್ಳಿ’ ಎನ್ನುವ ಪದ್ಧತಿ ಅನುಕೂಲವೇನೋ ಹೌದು. ಆದರೆ ಸಂಕೋಚದವರು ಅಲ್ಲಿ ಮತ್ತಷ್ಟು ಸಂಕೋಚಪಡುತ್ತಾರೆ, ಮಕ್ಕಳು ಕಣ್ಣಿನ ಹಸಿವಿಗೆ ತುಂಬಿಕೊಳ್ಳುತ್ತವೆ.

ಒಂದೆರಡು ಅಂಕಿಗಳನ್ನು ಹೇಳಬೇಕು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ 60ರಷ್ಟು ಮನೆಗಳಿಂದ. ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಎಂಬುದು ಅವರ ಅಂದಾಜು. ಸಿಪ್ಪೆ, ಓಟೆಗಳೂ ಇದರಲ್ಲಿ ಸೇರಿರುವುದರಿಂದ ಅಷ್ಟನ್ನೂ ಅನ್ನವೆಂದು ತಿಳಿಯಬೇಕಾಗಿಲ್ಲ. ಆದರೂ ಒಂದು ಕಿಲೋ ಅಕ್ಕಿ ಬೆಳೆಯಲು ಸುಮಾರು ಎರಡೂವರೆ ಸಾವಿರ ಲೀಟರು ನೀರು ಬೇಕೆಂಬುದನ್ನು ನೆನೆದರೆ, ಬಕೆಟ್ಟಿಗೆ ಬೀಳುವ ಅನ್ನದ ಜೊತೆಗೆ ಇನ್ನೇನು ಹೋಗುತ್ತದೆಂಬುದು ತಿಳಿದೀತು. ಮದುವೆ ಮಂಟಪಗಳ ಸಂಗತಿಯನ್ನು ಇಲ್ಲಿ ಎತ್ತುವುದಿಲ್ಲ. ಅದಕ್ಕೆ ಬೇರೆಯೇ ಒಂದು ಲೇಖನ ಬೇಕು, ಬರೆದರೆ ನಮ್ಮ ಬಂಧುಗಳಲ್ಲಿಯೇ ಕೆಲವರು ಮುನಿಸಿಕೊಂಡಾರು.

ಇಷ್ಟು ಮಾಡಿಯೂ ಉಳಿಯುವುದು ಉಳಿಯುತ್ತದೆ. ಆಗ ನಮ್ಮಲ್ಲಿ ನಡೆಯುವ ಒಂದು ಪದ್ಧತಿಯನ್ನು ಬಿಚ್ಚು ಮನಸ್ಸಿನಿಂದ ಹೇಳಬೇಕಾಗಿದೆ. ಉಳಿದುದನ್ನು ಎರಡು ದಿನ ಫ್ರಿಜ್ಜಿನಲ್ಲಿಟ್ಟು, ಮನೆಯವರಾರೂ ಮುಟ್ಟರೆಂದು ಖಾತ್ರಿಯಾದ ಮೇಲೆ ಕೆಲಸಕ್ಕೆ ಬರುವ ಹೆಣ್ಣುಮಗಳಿಗೆ ಕಟ್ಟಿಕೊಡುತ್ತೇವೆ. ಕೆಡಿಸಲಿಲ್ಲ, ಕೊಟ್ಟೆವು ಎಂದು ಸಮಾಧಾನಪಡುತ್ತೇವೆ. ಇದನ್ನು ದಾಸೋಹವೆಂದು ಕರೆಯಲು ನಮಗೆ ನಾಚಿಕೆಯಾಗುತ್ತದೆ. ಆಕೆಗೆ ಕೊಡುವುದಿದ್ದರೆ ಪಂಕ್ತಿ ಕೂಡುವ ಮೊದಲೇ, ಅಡಿಗೆ ಬಿಸಿಯಾಗಿರುವಾಗಲೇ ಒಂದು ಡಬ್ಬಿಗೆ ತೆಗೆದಿಡಬೇಕು. ಆಕೆಯ ಮಕ್ಕಳು ಅಂದಿನ ಹೋಳಿಗೆಯನ್ನು ಅಂದೇ ಉಣ್ಣಲಿ. ಹೀಗೆ ಮೊದಲೇ ತೆಗೆದಿಟ್ಟರೆ ಕೊನೆಗೆ ಉಳಿಯುವುದೂ ಕಡಿಮೆ ಎಂಬುದು ಅನುಭವದ ಮಾತು.

ಅನ್ನದ ವಿಷಯದಲ್ಲಿ ಆರೋಗ್ಯದ ಎಚ್ಚರವೂ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಅಕ್ಕಿ ಬೇಯುವ ಶಾಖಕ್ಕೂ ಸಾಯದೆ ಉಳಿಯಬಲ್ಲವು. ಅನ್ನವು ಪಾತ್ರೆಯಲ್ಲಿ ಬೆಚ್ಚಗೆ ಬಹಳ ಹೊತ್ತು ಕುಳಿತರೆ ಅವು ಬೆಳೆದು ವಿಷವನ್ನುಂಟುಮಾಡುತ್ತವೆ. ಮರುದಿನ ಬಿಸಿ ಮಾಡಿದರೂ ಆ ವಿಷ ಹೋಗದು. ಆದುದರಿಂದ ಅತಿಥಿಗಳನ್ನು ಬೀಳ್ಕೊಡುವವರೆಗೆ ಕಾಯದೆ, ಎರಡನೆಯ ಪಂಕ್ತಿ ಎದ್ದ ಕೂಡಲೆ ಉಳಿದ ಅನ್ನವನ್ನು ಅಗಲವಾದ ತಾಟಿನಲ್ಲಿ ಹರವಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಬೆಳಗಿನ ಚಿತ್ರಾನ್ನಕ್ಕೆ ಅದು ಒದಗುತ್ತದೆ.

ಉಣ್ಣಲು ಹೋಗುವವರಿಗೂ ಒಂದು ಮಾತು. ಆರು ಜನವೆಂದು ಹೇಳಿ ಎಂಟು ಜನ ಹೋಗುವುದರಲ್ಲಿ ನಮ್ಮವರಿಗೆ ತಪ್ಪೇ ಕಾಣುವುದಿಲ್ಲ. ಎಂಟೆಂದು ಹೇಳಿ ನಾಲ್ಕು ಜನ ಹೋಗುವುದರಲ್ಲಂತೂ ಕಾಣುವುದೇ ಇಲ್ಲ. ಕೈಯಲ್ಲಿ ಫೋನಿದೆ, ಸಂಜೆ ಐದು ಗಂಟೆಗೆ ಒಂದು ಮಾತು ಹೇಳಬಹುದು. ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ತಿಳಿಸಿದರೆ ಅವರೂ ಬೇರೆ ಏನಾದರೂ ಮಾಡಿಯಾರು. ಅದನ್ನು ಬಿಟ್ಟು ತಾಟಿನಲ್ಲಿ ಹಾಕಿಸಿಕೊಂಡು ಮೂಲೆಗೆ ಸರಿಸುವುದು ಯಾವ ಮರ್ಯಾದೆ?

ಕಳೆದ ಶ್ರಾವಣದಲ್ಲಿ ಸೋದರತ್ತೆಯವರು ಮತ್ತೊಮ್ಮೆ ನಮ್ಮ ಮನೆಗೆ ಬಂದಿದ್ದರು. ಹಳೆಯದನ್ನು ನಾವೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅಡಿಗೆಮನೆಯ ಬಾಗಿಲಿಗೇ ಅವರ ತಾಟು ಹಾಕಿದೆವು. ಪಕ್ಕದ ಪರಾತದಲ್ಲಿ ಕಣಕ, ಹೂರಣ ಅವರ ಕಣ್ಣಿಗೆ ಕಾಣುವಂತೆ ಇತ್ತು. ಎರಡು ಹೋಳಿಗೆ ಉಂಡು, ಪರಾತದ ಕಡೆ ಒಮ್ಮೆ ನೋಡಿ, ‘ಅರ್ಧ ಹಾಕವಾ’ ಎಂದರು. ಹಂಚಿನ ಮೇಲಿನದನ್ನು ಮುರಿದು ಹಾಕಿದೆವು. ಕೊನೆಗೆ ಮಜ್ಜಿಗೆ ಕುಡಿದು, ತಾಟಿಗೆ ನೀರು ಹಾಕಿಕೊಂಡು, ತೊಳೆದು ಕುಡಿದರು. ಆ ರಾತ್ರಿ ಮಿಕ್ಕಿದ್ದು ಅರ್ಧ ಹೋಳಿಗೆ, ಒಂದು ಬಟ್ಟಲು ಹೂರಣ. ಅರ್ಧ ಹೋಳಿಗೆಯನ್ನು ನಾವು ನಿಂತಲ್ಲಿಯೇ ತಿಂದೆವು. ಹೂರಣವನ್ನು ಬೆಳಿಗ್ಗೆ ಅವರ ಮೊಮ್ಮಕ್ಕಳಿಗೆಂದು ಡಬ್ಬಿಯಲ್ಲಿ ಹಾಕಿ ಕಳುಹಿಸಿದೆವು.