ಲಕ್ಸೆಂಬರ್ಗ್: ಭಾಷೆ ಕಲಿಯಲು ರಜೆಯುಂಟು, ಆಡಲು ಜೊತೆಗಾರರು ಬೇಕು

ಬೆಳಗ್ಗೆ ಅಂಗಡಿಯಲ್ಲಿ ಬ್ರೆಡ್ ಕೊಳ್ಳುವಾಗ ಫ್ರೆಂಚ್. ದಿನಪತ್ರಿಕೆ ಬಿಡಿಸಿದರೆ ಬಹುಪಾಲು ಜರ್ಮನ್. ಬ್ಯಾಂಕ್, ಸಾಫ್ಟ್‌ವೇರ್ ಕಚೇರಿಗಳಲ್ಲಿ ಇಂಗ್ಲಿಷ್. ಕಟ್ಟಡ ಕಾಮಗಾರಿ ನಡೆಯುವ ಕಡೆ ಪೋರ್ಚುಗೀಸ್. ಪಶ್ಚಿಮ ಯುರೋಪಿನ ಪುಟ್ಟ ರಾಷ್ಟ್ರ ಲಕ್ಸೆಂಬರ್ಗ್‌ಗೆ ಹೊಸದಾಗಿ ಬಂದು ನೆಲೆಸಿದವರು ಆ ನೆಲದ ಸ್ವಂತ ಭಾಷೆಯ ಒಂದು ವಾಕ್ಯವನ್ನೂ ಆಡದೆ ವರ್ಷಗಟ್ಟಲೆ ಬದುಕಬಹುದು. ಆದರೆ ಆ ದೇಶದ ಪೌರರಾಗಲು, ಸಂಸತ್ತಿನ ಚುನಾವಣೆಯಲ್ಲಿ ಮತ ಚಲಾಯಿಸಲು ಬಯಸಿದರೆ ಅವರ ಫ್ರೆಂಚ್, ಜರ್ಮನ್, ಇಂಗ್ಲಿಷ್‌ಗಳು ನೆರವಿಗೆ ಬರುವುದಿಲ್ಲ. ಆಗ ಬೇಕಾಗುವುದು ಲಕ್ಸೆಂಬರ್ಗಿಷ್.

ದಿನನಿತ್ಯದ ಬದುಕಿಗೆ ಅನಿವಾರ್ಯವಲ್ಲದ, ಆದರೆ ಪೌರತ್ವಕ್ಕೆ ಅನಿವಾರ್ಯವಾದ ಭಾಷೆಯೊಂದನ್ನು ದುಡಿಯುವ ವಯಸ್ಕರಿಗೆ ಕಲಿಸುವುದು ಹೇಗೆ? ಕಳೆದ ಒಂದೂವರೆ ದಶಕದಲ್ಲಿ ಲಕ್ಸೆಂಬರ್ಗ್ ಈ ಪ್ರಶ್ನೆಗೆ ಕಾನೂನು, ಹಣ ಮತ್ತು ಸಮಯ ಮೂರನ್ನೂ ಒದಗಿಸಿ ಉತ್ತರ ಹುಡುಕುತ್ತಿದೆ. ಆ ಪ್ರಯತ್ನದ ಫಲಗಳೂ ಮಿತಿಗಳೂ ಈಗ ಸ್ಪಷ್ಟವಾಗಿ ಕಾಣತೊಡಗಿವೆ.

ಅರ್ಧದಷ್ಟು ಮಂದಿ ಹೊರಗಿನವರು

ಫ್ರಾನ್ಸ್, ಜರ್ಮನಿ ಮತ್ತು ಬೆಲ್ಜಿಯಂಗಳ ನಡುವೆ ಇರುವ ಈ ದೇಶದ ವಿಸ್ತೀರ್ಣ ಕೇವಲ 2,586 ಚದರ ಕಿಲೋಮೀಟರ್. 2024ರ ಆರಂಭದಲ್ಲಿ ಜನಸಂಖ್ಯೆ ಸುಮಾರು 6.7 ಲಕ್ಷ. ಅವರಲ್ಲಿ ಶೇ 47ರಷ್ಟು ಮಂದಿ ವಿದೇಶಿ ಪೌರರು. ಪೋರ್ಚುಗೀಸರದ್ದು ಇವರಲ್ಲಿ ಅತಿ ದೊಡ್ಡ ಸಮುದಾಯ. ಇದು ಸಾಲದೆಂಬಂತೆ, ಗಡಿಯಾಚೆಯ ಮೂರು ದೇಶಗಳಿಂದ ನಿತ್ಯ ಕೆಲಸಕ್ಕೆ ಬಂದು ಮರಳುವವರ ಸಂಖ್ಯೆಯೇ ಎರಡು ಲಕ್ಷವನ್ನು ಮೀರಿದೆ. ಅಂಗಡಿ, ಹೋಟೆಲು, ಆಸ್ಪತ್ರೆಗಳಲ್ಲಿ ಎದುರಾಗುವ ಸಿಬ್ಬಂದಿಯಲ್ಲಿ ಅನೇಕರು ಸಂಜೆ ಗಡಿ ದಾಟಿ ಮನೆಗೆ ಹೋಗುವವರು. ಅವರ ವ್ಯವಹಾರ ಭಾಷೆ ಹೆಚ್ಚಾಗಿ ಫ್ರೆಂಚ್.

1984ರ ಫೆಬ್ರುವರಿ 24ರ ಭಾಷಾ ಕಾಯ್ದೆಯು ಲಕ್ಸೆಂಬರ್ಗಿಷ್ ಅನ್ನು ರಾಷ್ಟ್ರಭಾಷೆಯೆಂದು ಘೋಷಿಸಿತು. ಆದರೆ ಶಾಸನಗಳ ಭಾಷೆಯಾಗಿ ಫ್ರೆಂಚ್ ಮುಂದುವರಿಯಿತು. ಆಡಳಿತ ಮತ್ತು ನ್ಯಾಯಾಲಯಗಳಲ್ಲಿ ಫ್ರೆಂಚ್, ಜರ್ಮನ್, ಲಕ್ಸೆಂಬರ್ಗಿಷ್ ಮೂರಕ್ಕೂ ಸ್ಥಾನ ದೊರೆಯಿತು. ಸಂಸತ್ತಿನಲ್ಲಿ ಸದಸ್ಯರು ವಾದಿಸುವುದು ಲಕ್ಸೆಂಬರ್ಗಿಷ್‌ನಲ್ಲಿ, ಅಂಗೀಕಾರವಾಗುವ ಮಸೂದೆ ಇರುವುದು ಫ್ರೆಂಚ್‌ನಲ್ಲಿ. 2023ರ ಜುಲೈ 1ರಂದು ಜಾರಿಗೆ ಬಂದ ಪರಿಷ್ಕೃತ ಸಂವಿಧಾನವು ದೇಶದ ಭಾಷೆ ಲಕ್ಸೆಂಬರ್ಗಿಷ್ ಎಂದು ಸಾರಿದರೂ, ಮೂರೂ ಭಾಷೆಗಳ ಬಳಕೆಯನ್ನು ಕಾಯ್ದೆ ನಿರ್ಧರಿಸುತ್ತದೆ ಎಂಬ ವ್ಯವಸ್ಥೆಯನ್ನು ಉಳಿಸಿಕೊಂಡಿದೆ.

ಇಷ್ಟಾದರೂ ಈ ಭಾಷೆಗೆ ಜನರ ಮನಸ್ಸಿನಲ್ಲಿರುವ ಸ್ಥಾನ ದೊಡ್ಡದು. ಅದಕ್ಕೆ ಇತಿಹಾಸದ ಕಾರಣವಿದೆ. ಎರಡನೆಯ ಮಹಾಯುದ್ಧದಲ್ಲಿ ದೇಶವನ್ನು ಆಕ್ರಮಿಸಿಕೊಂಡಿದ್ದ ನಾಜಿ ಆಡಳಿತ 1941ರ ಅಕ್ಟೋಬರ್‌ನಲ್ಲಿ ಜನಗಣತಿಗೆ ಮುಂದಾಯಿತು. ರಾಷ್ಟ್ರೀಯತೆ, ಮಾತೃಭಾಷೆ, ಜನಾಂಗ ಎಂಬ ಮೂರು ಪ್ರಶ್ನೆಗಳಿಗೆ ಜರ್ಮನ್ ಎಂಬ ಉತ್ತರವನ್ನು ಅದು ನಿರೀಕ್ಷಿಸಿತ್ತು. ಲಕ್ಸೆಂಬರ್ಗಿಷ್ ಕೇವಲ ಒಂದು ಉಪಭಾಷೆ, ಅದನ್ನು ಭಾಷೆಯೆಂದು ಬರೆಯುವಂತಿಲ್ಲ ಎಂಬ ಸೂಚನೆಯೂ ಇತ್ತು. ಪ್ರತಿರೋಧ ಸಂಘಟನೆಗಳ ಕರೆಗೆ ಓಗೊಟ್ಟ ಜನರು ಮೂರಕ್ಕೂ ‘ಲಕ್ಸೆಂಬರ್ಗಿಷ್’ ಎಂದೇ ಬರೆಯಲು ಸಜ್ಜಾದರು. ಫಲಿತಾಂಶದ ಮುನ್ಸೂಚನೆ ದೊರೆತ ಆಡಳಿತ ಗಣತಿಯನ್ನೇ ಕೈಬಿಟ್ಟಿತು. ಆಡುಮಾತು ರಾಷ್ಟ್ರದ ಗುರುತಾದುದರಲ್ಲಿ ಈ ಪ್ರಸಂಗದ ಪಾತ್ರ ಹಿರಿದು.

ಪೌರತ್ವದ ಬಾಗಿಲಲ್ಲಿ ಪರೀಕ್ಷೆ

2009ರ ಜನವರಿಯಿಂದ ಜಾರಿಗೆ ಬಂದ ಪೌರತ್ವ ಕಾಯ್ದೆ ಇಬ್ಬಗೆಯ ಬದಲಾವಣೆ ತಂದಿತು. ಮೂಲ ದೇಶದ ಪೌರತ್ವ ಬಿಡದೆಯೇ ಲಕ್ಸೆಂಬರ್ಗ್‌ನ ಪೌರತ್ವ ಪಡೆಯಲು ಅವಕಾಶ ನೀಡಿದ್ದು ಒಂದು. ಅದಕ್ಕೆ ಪ್ರತಿಯಾಗಿ ಲಕ್ಸೆಂಬರ್ಗಿಷ್ ಭಾಷಾ ಪರೀಕ್ಷೆಯನ್ನು ವಿಧಿಸಿದ್ದು ಇನ್ನೊಂದು. ಪರೀಕ್ಷೆ ಕಠಿಣವೆಂಬ ದೂರುಗಳ ನಡುವೆ 2017ರ ಮಾರ್ಚ್ 8ರ ಹೊಸ ಕಾಯ್ದೆ ನಿಯಮಗಳನ್ನು ಸಡಿಲಿಸಿತು. ಐದು ವರ್ಷಗಳ ವಾಸ ಸಾಕೆನಿಸಿತು.

‘ಸ್ಪ್ರೋಖೆನ್‌ಟೆಸ್ಟ್’ ಎಂದು ಕರೆಯಲಾಗುವ ಈ ಪರೀಕ್ಷೆಯಲ್ಲಿ ಬರವಣಿಗೆ ಇಲ್ಲ. ಮಾತನಾಡುವುದಕ್ಕೆ ಯುರೋಪಿನ ಮಾನದಂಡದ ಎ2 ಹಂತ, ಕೇಳಿ ಗ್ರಹಿಸುವುದಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಬಿ1 ಹಂತ ನಿಗದಿಯಾಗಿದೆ. ಅಭ್ಯರ್ಥಿಯು ದಿನಬಳಕೆಯ ವಿಷಯವೊಂದರ ಬಗ್ಗೆ ಮಾತನಾಡಬೇಕು, ಚಿತ್ರವೊಂದನ್ನು ವಿವರಿಸಬೇಕು, ಧ್ವನಿಮುದ್ರಿತ ಸಂಭಾಷಣೆಗಳನ್ನು ಕೇಳಿ ಸರಿಯುತ್ತರಗಳನ್ನು ಗುರುತಿಸಬೇಕು.

ಕಾಯ್ದೆಯಲ್ಲಿ ಮಾನವೀಯವಾದ ವಿನಾಯಿತಿಯೂ ಇದೆ. 20 ವರ್ಷ ಲಕ್ಸೆಂಬರ್ಗ್‌ನಲ್ಲಿ ನೆಲೆಸಿದವರು ಪರೀಕ್ಷೆ ಬರೆಯಬೇಕಿಲ್ಲ. 24 ಗಂಟೆಗಳ ಭಾಷಾ ತರಗತಿಗೆ ಹಾಜರಾದರೆ ಸಾಕು. ಅಲ್ಲಿಯೇ ಏಳು ವರ್ಷ ಶಾಲೆ ಕಲಿತವರಿಗೂ ಪರೀಕ್ಷೆಯಿಲ್ಲ. ಗಾರೆ ಕೆಲಸ, ಶುಚಿಗೊಳಿಸುವ ಕೆಲಸಗಳಲ್ಲಿ ಜೀವನ ಸವೆಸಿದ, ಪಾಠ-ಪುಸ್ತಕಗಳಿಂದ ಬಹಳ ಕಾಲದಿಂದ ದೂರವಿರುವ ಹಿರಿಯ ವಲಸಿಗರಿಗೆ ಈ ದಾರಿ ತೆರೆದುಕೊಂಡಿತು.

ಭಾರತೀಯರ ಲೆಕ್ಕಾಚಾರ ಮಾತ್ರ ಬೇರೆ. ಅಮೆಜಾನ್‌ನ ಯುರೋಪ್ ಕೇಂದ್ರ ಕಚೇರಿ, ಉಕ್ಕು ಉದ್ಯಮದ ಆರ್ಸೆಲರ್ ಮಿತ್ತಲ್‌ನ ಪ್ರಧಾನ ಕಚೇರಿ ಎರಡೂ ಲಕ್ಸೆಂಬರ್ಗ್‌ನಲ್ಲಿವೆ. ಮಾಹಿತಿ ತಂತ್ರಜ್ಞಾನ, ಹಣಕಾಸು ಕ್ಷೇತ್ರಗಳಿಗೆ ತೆರಳುವ ಭಾರತೀಯರ ಸಂಖ್ಯೆ ಕಳೆದ ದಶಕದಲ್ಲಿ ಗಮನಾರ್ಹವಾಗಿ ಏರಿದೆ. ಪೋರ್ಚುಗೀಸರು ಎರಡೂ ದೇಶಗಳ ಪೌರರಾಗಿ ಉಳಿಯಬಹುದು. ಆದರೆ 1955ರ ಭಾರತೀಯ ಪೌರತ್ವ ಕಾಯ್ದೆಯಂತೆ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪೌರತ್ವ ಕಳೆದುಕೊಳ್ಳುತ್ತಾರೆ. ಬೆಂಗಳೂರಿನಿಂದ ಹೋದ ಎಂಜಿನಿಯರ್‌ಗೆ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಒಂದು ಸವಾಲಾದರೆ, ತೇರ್ಗಡೆಯಾದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸುವುದೇ ಎಂಬ ನಿರ್ಧಾರ ಅದಕ್ಕಿಂತ ದೊಡ್ಡದು.

ಕೆಲಸದ ವೇಳೆಯಲ್ಲೇ ಪಾಠ

ಪರೀಕ್ಷೆ ವಿಧಿಸಿದ ಸರ್ಕಾರ ಕಲಿಕೆಯ ಹೊಣೆಯನ್ನು ಕಲಿಯುವವರ ತಲೆಗೇ ಕಟ್ಟಿ ಕೈತೊಳೆದುಕೊಳ್ಳಲಿಲ್ಲ ಎಂಬುದು ಈ ಪ್ರಯತ್ನದ ಮುಖ್ಯ ಗುಣ. 2009ರ ಫೆಬ್ರುವರಿ 17ರ ಕಾಯ್ದೆಯು ‘ಭಾಷಾ ರಜೆ’ ಎಂಬ ವಿಶಿಷ್ಟ ಸೌಲಭ್ಯವನ್ನು ಜಾರಿಗೆ ತಂದಿತು. ಇದರನ್ವಯ ನೌಕರರು ಲಕ್ಸೆಂಬರ್ಗಿಷ್ ಕಲಿಯಲು ಒಟ್ಟು 200 ಗಂಟೆಗಳ ರಜೆ ಪಡೆಯಬಹುದು. ಅದನ್ನು 80ರಿಂದ 120 ಗಂಟೆಗಳ ಎರಡು ಕಂತುಗಳಲ್ಲಿ ಬಳಸಬೇಕು. ಆ ಅವಧಿಯ ವೇತನವನ್ನು ಉದ್ಯೋಗದಾತರು ಪಾವತಿಸುತ್ತಾರೆ. ಅದರ ಅರ್ಧವನ್ನು ಸರ್ಕಾರ ಅವರಿಗೆ ಮರಳಿಸುತ್ತದೆ. ಸ್ವಂತ ಉದ್ಯೋಗ ನಡೆಸುವವರಿಗೂ, ಗಡಿಯಾಚೆಯಿಂದ ಬಂದು ದುಡಿಯುವವರಿಗೂ ಇದು ಅನ್ವಯಿಸುತ್ತದೆ. ನೌಕರರು ಅದೇ ಉದ್ಯೋಗದಾತರ ಬಳಿ ಕನಿಷ್ಠ ಆರು ತಿಂಗಳು ಕೆಲಸ ಮಾಡಿರಬೇಕಷ್ಟೆ.

200 ಗಂಟೆ ಎಂದರೆ ವಾರಕ್ಕೆ ನಾಲ್ಕು ಗಂಟೆಯಂತೆ 50 ವಾರಗಳ ಪಾಠ. ಮನೆ, ಮಕ್ಕಳು, ದುಡಿಮೆಗಳ ನಡುವೆ ಸಂಜೆಯ ತರಗತಿಗೆ ಓಡಲಾಗದವರಿಗೆ ಇದು ಸಣ್ಣ ನೆರವಲ್ಲ. ಆದರೆ ರಜೆಗೆ ಉದ್ಯೋಗದಾತರ ಒಪ್ಪಿಗೆ ಬೇಕು. ನೌಕರರ ಗೈರುಹಾಜರಿಯಿಂದ ಕೆಲಸಕ್ಕೆ ತೀವ್ರ ಅಡಚಣೆಯಾಗುವುದಾದರೆ ಅವರು ಅದನ್ನು ಮುಂದೂಡಿಸಬಹುದು. ಕಚೇರಿಯ ಮೇಜಿನ ಕೆಲಸದಲ್ಲಿರುವವರಿಗೆ ದಿನಕ್ಕೊಂದು ಗಂಟೆ ಬಿಡುವು ದೊರೆಯುವುದು ಸುಲಭ. ಪಾಳಿಯಲ್ಲಿ ದುಡಿಯುವವರಿಗೆ, ಇಂದು ಒಂದೂರು ನಾಳೆ ಇನ್ನೊಂದೂರು ಎಂಬಂತೆ ಕಾಮಗಾರಿಗೆ ಅಲೆಯುವವರಿಗೆ ಅಷ್ಟು ಸುಲಭವಲ್ಲ. ಭಾಷೆಯ ಅಗತ್ಯ ಹೆಚ್ಚಿರುವವರ ಕೈಗೇ ಈ ಸೌಲಭ್ಯ ಎಟಕುವುದು ಕಷ್ಟ ಎಂಬುದು ಇಲ್ಲಿನ ವಿಪರ್ಯಾಸ.

ಪಾಠ ಹೇಳುವ ವ್ಯವಸ್ಥೆಯೂ ಇದೇ ಅವಧಿಯಲ್ಲಿ ಬೆಳೆಯಿತು. 2009ರ ಮೇ 22ರ ಕಾಯ್ದೆಯು ರಾಷ್ಟ್ರೀಯ ಭಾಷಾ ಸಂಸ್ಥೆಯನ್ನು ಸ್ಥಾಪಿಸಿತು. ಅದೇ ಕಾಯ್ದೆ ಲಕ್ಸೆಂಬರ್ಗಿಷ್ ಭಾಷಾ ಪ್ರಾಧ್ಯಾಪಕರ ಹುದ್ದೆಯನ್ನೂ ಸೃಷ್ಟಿಸಿತು. ಆಡುನುಡಿಯಾಗಿಯೇ ಬೆಳೆದ ಭಾಷೆಗೆ ಅದನ್ನು ಪರಭಾಷಿಕರಿಗೆ ಕಲಿಸಬಲ್ಲ ತರಬೇತಾದ ಶಿಕ್ಷಕರನ್ನು ಸಿದ್ಧಪಡಿಸುವುದು ಮೊದಲ ಅಗತ್ಯವಾಗಿತ್ತು. ಸ್ಥಳೀಯ ಆಡಳಿತಗಳು ನಡೆಸುವ ಸಂಜೆ ತರಗತಿಗಳು, ‘ಸ್ಪ್ರೋಖೆಕಫೇ’ ಎಂಬ ಹೆಸರಿನ ಮಾತುಕತೆಯ ಕೂಟಗಳು, ಮನೆಯಲ್ಲೇ ಕುಳಿತು ಕಲಿಯಬಹುದಾದ ಭಾಷಾ ಸಂಸ್ಥೆಯ ಉಚಿತ ಆನ್‌ಲೈನ್ ಪಾಠಗಳು ಇದಕ್ಕೆ ಪೂರಕವಾಗಿವೆ.

ಆಡುಮಾತಿಗೆ ಕಾಗುಣಿತ

ಕಲಿಯುವವರಿಗೆ ಭಾಷೆಯ ಸ್ವರೂಪವೇ ಒಡ್ಡುವ ತೊಡಕುಗಳೂ ಇವೆ. ಲಕ್ಸೆಂಬರ್ಗಿಷ್ ಜರ್ಮನ್ ಭಾಷೆಯ ಹತ್ತಿರದ ಬಂಧು. ಫ್ರೆಂಚ್‌ನಿಂದ ಪಡೆದ ಪದಗಳೂ ಹೇರಳ. ನಮಸ್ಕಾರಕ್ಕೆ ‘ಮೊಯೆನ್’, ಕೃತಜ್ಞತೆಗೆ ‘ಮೆರ್ಸಿ’. ಹಾಗಾಗಿ ಜರ್ಮನ್ ಬಲ್ಲವರಿಗೆ ಇದು ಬೇಗ ಒಲಿಯುತ್ತದೆ. ಪೋರ್ಚುಗೀಸ್ ಅಥವಾ ಫ್ರೆಂಚ್ ಹಿನ್ನೆಲೆಯವರಿಗೆ ವಾಕ್ಯರಚನೆಯೇ ಹೊಸದು. ಪದದ ಕೊನೆಯ ‘ನ್’ ಮುಂದಿನ ಅಕ್ಷರಕ್ಕೆ ತಕ್ಕಂತೆ ಉಳಿಯುವ ಅಥವಾ ಲೋಪವಾಗುವ ನಿಯಮ ಇನ್ನೊಂದು ವಿಶೇಷ. ಕಾರಿಗೆ ‘ಡೆನ್ ಆಟೊ’ ಎಂದರೆ, ಬಸ್ಸಿಗೆ ‘ಡೆ ಬುಸ್’. ಸಂಧಿ ನಿಯಮಗಳನ್ನು ಶಾಲೆಯಲ್ಲಿ ಕಲಿತ ಕನ್ನಡಿಗರಿಗೆ ಇದರ ತರ್ಕ ಅಪರಿಚಿತವೆನಿಸದು.

ಬರವಣಿಗೆಯ ನಿಯಮಗಳಿಗೆ 1975ರಲ್ಲಿ ಅಧಿಕೃತ ರೂಪ ದೊರೆಯಿತು. 1999 ಮತ್ತು 2019ರಲ್ಲಿ ಪರಿಷ್ಕರಣೆಯಾಯಿತು. 2018ರಲ್ಲಿ ಕಾಯ್ದೆಯ ಮೂಲಕ ಸ್ಥಾಪನೆಯಾದ ಲಕ್ಸೆಂಬರ್ಗಿಷ್ ಭಾಷಾ ಕೇಂದ್ರವು ಉಚ್ಚಾರಣೆಯ ಧ್ವನಿಸಹಿತ ನಿಘಂಟನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುತ್ತಿದೆ. ಜರ್ಮನ್, ಫ್ರೆಂಚ್, ಇಂಗ್ಲಿಷ್ ಜೊತೆಗೆ ಪೋರ್ಚುಗೀಸ್‌ನಲ್ಲೂ ಅರ್ಥ ನೀಡಿರುವುದು ಅಲ್ಲಿನ ಜನಜೀವನವನ್ನು ಅರಿತ ಕ್ರಮ.

ರಾಜಕೀಯದ ನೆರಳು

ಈ ಎಲ್ಲ ಬೆಳವಣಿಗೆಗಳ ಹಿಂದೆ ರಾಜಕೀಯ ಒತ್ತಡವೂ ಇದೆ. ವಿದೇಶಿಯರಿಗೆ ಸಂಸತ್ ಚುನಾವಣೆಯಲ್ಲಿ ಮತದಾನದ ಹಕ್ಕು ನೀಡಬೇಕೇ ಎಂಬ ಬಗ್ಗೆ 2015ರ ಜೂನ್ 7ರಂದು ನಡೆದ ಜನಮತಗಣನೆಯಲ್ಲಿ ಶೇ 78ರಷ್ಟು ಮತದಾರರು ಬೇಡವೆಂದರು. ಮರುವರ್ಷ ಲಕ್ಸೆಂಬರ್ಗಿಷ್ ಅನ್ನು ಮೊದಲ ಆಡಳಿತ ಭಾಷೆಯನ್ನಾಗಿ ಮಾಡಬೇಕೆಂಬ ಅರ್ಜಿಗೆ 14 ಸಾವಿರಕ್ಕೂ ಹೆಚ್ಚು ಸಹಿಗಳು ಬಿದ್ದವು. ಸಂಸತ್ತಿನಲ್ಲಿ ಚರ್ಚೆಗೆ ಆಗ ಬೇಕಿದ್ದುದು 4,500 ಮಾತ್ರ. ಮೊದಲ ಆಡಳಿತ ಭಾಷೆಯ ಬೇಡಿಕೆ ಈಡೇರಲಿಲ್ಲವಾದರೂ, ಭಾಷೆಯನ್ನು ಬೆಳೆಸುವ 20 ವರ್ಷಗಳ ಕಾರ್ಯತಂತ್ರವನ್ನು ಸರ್ಕಾರ 2017ರಲ್ಲಿ ಪ್ರಕಟಿಸಿತು.

ಮತದಾನದ ಹಕ್ಕಿಗೆ ಪೌರತ್ವವೇ ದಾರಿ, ಪೌರತ್ವಕ್ಕೆ ಭಾಷೆಯೇ ದಾರಿ ಎಂಬ ಸ್ಥಿತಿ ಜನಮತಗಣನೆಯ ಬಳಿಕ ಗಟ್ಟಿಯಾಯಿತು. ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮಾತ್ರ ವಿದೇಶಿಯರಿಗೆ ಮತದ ಹಕ್ಕಿದೆ. ಅದಕ್ಕಿದ್ದ ಐದು ವರ್ಷಗಳ ವಾಸದ ಷರತ್ತನ್ನೂ 2023ರ ಜೂನ್ ಚುನಾವಣೆಗೆ ಮುನ್ನ ತೆಗೆದುಹಾಕಲಾಯಿತು.

ಭಾಷೆ ಅಳಿಯುತ್ತಿದೆ ಎಂಬ ಆತಂಕವನ್ನು ಅಂಕಿಅಂಶಗಳು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಲಕ್ಸೆಂಬರ್ಗಿಷ್ ತಮ್ಮ ಮುಖ್ಯ ಭಾಷೆ ಎಂದವರ ಪ್ರಮಾಣ 2011ರ ಜನಗಣತಿಯಲ್ಲಿ ಶೇ 55.8 ಇದ್ದುದು 2021ರಲ್ಲಿ ಶೇ 48.9ಕ್ಕೆ ಇಳಿಯಿತು. ಆದರೆ ಹಾಗೆಂದವರ ಸಂಖ್ಯೆ ಅದೇ ಅವಧಿಯಲ್ಲಿ ಹೆಚ್ಚು ಕಡಿಮೆ ಹತ್ತು ಸಾವಿರದಷ್ಟು ಏರಿದೆ. ಆಡುವವರು ಹೆಚ್ಚುತ್ತಿದ್ದಾರೆ, ಆಡದೆ ಬದುಕುವವರು ಅದಕ್ಕಿಂತ ವೇಗವಾಗಿ ಹೆಚ್ಚುತ್ತಿದ್ದಾರೆ.

ಮಕ್ಕಳ ಹಾದಿ

ವಲಸಿಗರ ಮಕ್ಕಳಿಗೆ ಭಾಷೆ ಬರುವ ದಾರಿಯೇ ಬೇರೆ. ನಾಲ್ಕನೆಯ ವಯಸ್ಸಿಗೆ ಕಡ್ಡಾಯವಾಗುವ ಶಿಶುಶಾಲೆಯಲ್ಲಿ ಲಕ್ಸೆಂಬರ್ಗಿಷ್ ಆಟದ ಮಾತಾಗಿ ಬಾಯಿಗೆ ಬರುತ್ತದೆ. ಅನಂತರ ಅಕ್ಷರಾಭ್ಯಾಸ ಮಾತ್ರ ಸಾಂಪ್ರದಾಯಿಕವಾಗಿ ಜರ್ಮನ್‌ನಲ್ಲಿ. ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಸುಮಾರು ಮೂರನೆಯ ಎರಡು ಭಾಗದವರ ಮನೆಮಾತು ಲಕ್ಸೆಂಬರ್ಗಿಷ್ ಅಲ್ಲ. ಅವರಿಗೆ ಜರ್ಮನ್ ಅಕ್ಷರಾಭ್ಯಾಸ ಎರಡು ಪಟ್ಟು ಹೊರೆ. ಈ ಕಾರಣಕ್ಕೆ ಫ್ರೆಂಚ್‌ನಲ್ಲೂ ಅಕ್ಷರ ಕಲಿಸುವ ಪ್ರಯೋಗ 2022ರಲ್ಲಿ ನಾಲ್ಕು ಶಾಲೆಗಳಲ್ಲಿ ಆರಂಭವಾಯಿತು. ಅಕ್ಷರ ಕಲಿಯುವ ಭಾಷೆ ಬೇರೆಯಾದರೂ ಎಲ್ಲ ಮಕ್ಕಳೂ ಒಟ್ಟಿಗೆ ಆಡುವ ಮಾತು ಲಕ್ಸೆಂಬರ್ಗಿಷ್ ಆಗಿರಲಿ ಎಂಬುದು ಅದರ ಆಶಯ.

ತರಗತಿಯ ಹೊರಗಿನ ಪಾಠ

ಮಕ್ಕಳಿಗೆ ಆಟದ ಬಯಲಿನಲ್ಲಿ ಸಿಗುವುದು ದೊಡ್ಡವರಿಗೆ ಸಿಗುತ್ತಿಲ್ಲ ಎಂಬಲ್ಲಿಗೆ ಸಮಸ್ಯೆಯ ಮೂಲ ಬಂದು ನಿಲ್ಲುತ್ತದೆ. ಹೊಸಬರು ತಡವರಿಸುತ್ತಾ ಲಕ್ಸೆಂಬರ್ಗಿಷ್‌ನಲ್ಲಿ ಮಾತು ಆರಂಭಿಸಿದರೆ, ಮೂರ‍್ನಾಲ್ಕು ಭಾಷೆ ಬಲ್ಲ ಸ್ಥಳೀಯರು ಸೌಜನ್ಯದಿಂದಲೇ ಫ್ರೆಂಚ್ ಅಥವಾ ಇಂಗ್ಲಿಷ್‌ಗೆ ಹೊರಳುತ್ತಾರೆ. ಅಂಗಡಿಯಲ್ಲಿ ಎದುರಾಗುವವರು ತಾವೇ ಹೊರಗಿನವರು. ತರಗತಿಯಲ್ಲಿ ಕಲಿತ ಮಾತನ್ನು ಬಳಸುವ ಅವಕಾಶ ವಾರದಲ್ಲಿ ಎಷ್ಟು ಬಾರಿ ಒದಗೀತು? ರೇಡಿಯೊ, ಟಿ.ವಿ ವಾರ್ತೆಗಳು ಕಿವಿಗೆ ಅಭ್ಯಾಸ ನೀಡುತ್ತವೆ, ನಾಲಿಗೆಗಲ್ಲ. ಪರೀಕ್ಷೆಗಾಗಿ ಕಲಿತು, ಪೌರತ್ವ ಪಡೆದ ಮೇಲೆ ಮರೆಯುವ ಅಪಾಯ ಇರುವುದು ಈ ಕಾರಣಕ್ಕೆ.

ಕಾಯ್ದೆಯಿಂದ ರಜೆ ಕೊಡಿಸಬಹುದು, ಶಿಕ್ಷಕರನ್ನು ನೇಮಿಸಬಹುದು, ನಿಘಂಟು ಮಾಡಿಸಬಹುದು. ಲಕ್ಸೆಂಬರ್ಗ್ ಇವೆಲ್ಲವನ್ನೂ ಮಾಡಿದೆ. ಇಷ್ಟು ಸಣ್ಣ ಭಾಷೆಗೆ ಇಷ್ಟು ವ್ಯವಸ್ಥೆ ಮಾಡಿರುವ ದೇಶಗಳು ವಿರಳ. ಉಳಿದಿರುವ ಕೆಲಸ ನೆರೆಹೊರೆಯವರದು, ಸಹೋದ್ಯೋಗಿಗಳದು. ಹೊಸಬರ ತಪ್ಪು ವ್ಯಾಕರಣವನ್ನು ಹತ್ತು ನಿಮಿಷ ಸಹನೆಯಿಂದ ಕೇಳಿಸಿಕೊಂಡು, ಅದೇ ಭಾಷೆಯಲ್ಲಿ ನಿಧಾನವಾಗಿ ಉತ್ತರಿಸುವ ಜನರು ಸಿಕ್ಕಿದರೆ ಮಾತ್ರ ಪರೀಕ್ಷೆಯ ಭಾಷೆ ಬದುಕಿನ ಭಾಷೆಯಾದೀತು. ಭಾಷೆ ಉಳಿಯಬೇಕೆಂದು ಅರ್ಜಿಗೆ ಸಹಿ ಹಾಕಿದ ಸಾವಿರಾರು ಮಂದಿಯ ಮುಂದಿರುವ ಹೊಣೆಯೂ ಅದೇ.